ಹ್ಯಾಶ್ ಸುಳ್ಳು ಹೇಳಲ್ಲ, ಹಾಗಂತ ನಿಜವನ್ನೂ ಹೇಳಲ್ಲ

"ನನ್ ಕಡೆ ವಿಡಿಯೋ ಐತ್ರಿ, ಕೋರ್ಟಿಗೆ ಹೋದ್ರೂ ಗೆಲ್ಲೂದು ನಾನ." ಹುಬ್ಬಳ್ಳಿ ಕಡೆ ಯಾವುದೇ ಜಗಳ ಕೇಳಿ, ಕೊನೆಗೆ ಈ ಮಾತು ಬರುತ್ತದೆ. ಹೊಲದ ಬದುವಿನ ತಂಟೆ ಇರಲಿ, ಸಾಲದ ವ್ಯವಹಾರ ಇರಲಿ, ಫೋನಿನಲ್ಲಿ ಒಂದು ಕ್ಲಿಪ್ ಇದ್ದರೆ ಸಾಕು, ಕೇಸು ಗೆದ್ದಂತೆ. ಎದುರು ಕೂತವರದ್ದು ಇನ್ನೊಂದು ಪಾಠ: "ಈಗ ಎಐ ಬಂದೈತ್ರಿ, ಏನ್ ಬೇಕಾದ್ರೂ ಮಾಡ್ತಾರ, ವಿಡಿಯೋ ಯಾರ್ ನಂಬ್ತಾರ." ಎರಡೂ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಎರಡೂ ತಪ್ಪು, ಮತ್ತು ಯಾಕೆ ತಪ್ಪು ಅಂತ ಹೇಳುವ ವಿಷಯ ಒಂದು ಸರ್ಕಾರಿ ನಮೂನೆಯ ಮೂಲೆಯಲ್ಲಿ ಕೂತಿದೆ. ಅದನ್ನು ಯಾರೂ ಓದುವುದಿಲ್ಲ.

2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ಗಲಾಟೆಯಾಗಿ ವಾಹನಗಳಿಗೆ ಬೆಂಕಿ ಬಿತ್ತಲ್ಲ, ಅದರ ವಿಡಿಯೋಗಳು ಆಗ ಎಲ್ಲ ಕಡೆ ಹರಿದಾಡಿದವು. ಅಂಥ ಒಂದು ಕ್ಲಿಪ್ಪನ್ನು ಯಾರಾದರೂ ನ್ಯಾಯಾಲಯದ ಮುಂದೆ ಇಡಬೇಕು ಅಂತಿಟ್ಟುಕೊಳ್ಳಿ. 1872ರ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 63ನೇ ಕಲಮಿನ ಪ್ರಕಾರ ಕ್ಲಿಪ್ಪಿನ ಜೊತೆ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. 'ಎ' ಭಾಗವನ್ನು ಸಾಕ್ಷ್ಯ ಒದಗಿಸುವವರು ತುಂಬಬೇಕು, 'ಬಿ' ಭಾಗವನ್ನು ತಜ್ಞರು ತುಂಬಬೇಕು. ಎರಡರಲ್ಲೂ ಒಂದು ಖಾಲಿ ಜಾಗ ಇದೆ: ಈ ದಾಖಲೆಯ ಹ್ಯಾಶ್ ಮೌಲ್ಯ ಎಷ್ಟು? ನನ್ನ ಪ್ರಕಾರ ಇಡೀ ಅಧಿನಿಯಮದಲ್ಲಿ ಅತ್ಯಂತ ರುಚಿಕಟ್ಟಾದ ಜಾಗ ಅದು.

ಹ್ಯಾಶ್ ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಒಂದು ಚಿಕ್ಕ ಗುರುತು. ತೆಗೆಯುವ ವಿಧಾನ ಒಂದು ಗಿರಣಿ ಇದ್ದ ಹಾಗೆ. ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ಪುಡಿ ಬರುತ್ತದೆ, ಪುಡಿಯಿಂದ ಕಾಯಿ ವಾಪಸ್ ಬರುವುದಿಲ್ಲ. ಇಷ್ಟು ಸರಿ. ಆದರೆ ಈ ಗಿರಣಿಗೆ ಒಂದು ಕಾಯಿ ಹಾಕಿ, ಒಂದು ಲಾರಿ ಹಾಕಿ, ಹೊರಗೆ ಬರುವುದು ಒಂದೇ ಚಮಚ. ಆ ಲಾರಿ ಲೋಡಿನಲ್ಲಿ ಒಂದೇ ಒಂದು ಬೀಜ ಬದಲಾದರೂ ಚಮಚದ ಪುಡಿಯ ಬಣ್ಣವೇ ಪೂರ್ತಿ ಬೇರೆ. ಇಂಥ ಗಿರಣಿ ಯಾವ ಊರಲ್ಲೂ ಇಲ್ಲ, ಹಾಗಾಗಿ ಹೋಲಿಕೆ ಇಲ್ಲಿಗೆ ಸಾಕು.

ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಫೋನಿನ ಪ್ರತಿ ಫೈಲೂ ಸೊನ್ನೆ-ಒಂದುಗಳ ಉದ್ದನೆಯ ಸಾಲು. ಶಾ-256 ಎಂಬ ವಿಧಾನ ಆ ಸಾಲನ್ನು 512 ಬಿಟ್‌ಗಳ ತುಂಡುಗಳಾಗಿ ಕತ್ತರಿಸುತ್ತದೆ (ಒಂದು ಸೊನ್ನೆ ಅಥವಾ ಒಂದು ಅಂದರೆ ಒಂದು ಬಿಟ್). ಕೈಯಲ್ಲಿ ಎಂಟು ಸಂಖ್ಯೆ ಹಿಡಿದುಕೊಂಡು ಶುರು ಮಾಡುತ್ತದೆ. ಮೊದಲ ತುಂಡನ್ನು ಆ ಎಂಟರ ಜೊತೆ ಕಲಸುತ್ತದೆ, ಕೂಡಿಸುತ್ತದೆ, ಬಿಟ್‌ಗಳನ್ನು ತಿರುಗಿಸುತ್ತದೆ, ಒಂದರ ಮೇಲೊಂದು ಹೇರುತ್ತದೆ. ಹೀಗೆ 64 ಸುತ್ತು. ಬಂದ ಹೊಸ ಎಂಟು ಸಂಖ್ಯೆಗಳ ಜೊತೆ ಮುಂದಿನ ತುಂಡು, ಮತ್ತೆ 64 ಸುತ್ತು. ಫೈಲು ಮುಗಿಯುವ ತನಕ ಇದೇ ಕೆಲಸ. ಕೊನೆಗೆ ಉಳಿಯುವುದು 256 ಬಿಟ್, ಬರೆದರೆ 64 ಅಕ್ಷರ-ಅಂಕಿಗಳ ಒಂದು ಸಾಲು. ಮೂಲದಲ್ಲಿ ಒಂದೇ ಒಂದು ಬಿಟ್ ಬದಲಾದರೆ ಆ 256ರಲ್ಲಿ ಸುಮಾರು ಅರ್ಧ ಬದಲಾಗುತ್ತವೆ. ಸ್ವಲ್ಪ ಬದಲಾದರೆ ಸ್ವಲ್ಪ ವ್ಯತ್ಯಾಸ ಅನ್ನುವ ಲೆಕ್ಕವೇ ಇಲ್ಲಿಲ್ಲ. ಎರಡು ಹ್ಯಾಶ್ ಹತ್ತಿರ ಹತ್ತಿರ ಇವೆ ಅನ್ನುವುದಕ್ಕೂ ಅರ್ಥವಿಲ್ಲ, ಒಂದೇ ಅಥವಾ ಬೇರೆ, ಅಷ್ಟೇ.

ಮೊದಲ ಎಂಟು ಸಂಖ್ಯೆ ಎಲ್ಲಿಂದ ಬಂದವು ಗೊತ್ತಾ? ಮೊದಲ ಎಂಟು ಅವಿಭಾಜ್ಯ ಸಂಖ್ಯೆಗಳ, ಅಂದರೆ 2, 3, 5, 7, 11, 13, 17, 19ರ ವರ್ಗಮೂಲ ತೆಗೆದು, ದಶಮಾಂಶ ಚುಕ್ಕೆಯ ನಂತರದ ಭಾಗದಿಂದ. 64 ಸುತ್ತಿಗೆ 64 ಸಂಖ್ಯೆ ಬೇಕಲ್ಲ, ಅವು ಮೊದಲ 64 ಅವಿಭಾಜ್ಯ ಸಂಖ್ಯೆಗಳ ಘನಮೂಲದಿಂದ. ಇದನ್ನು ಮಾಡಿದ್ದು ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ. ಅವರು ಯಾವುದೋ ಸಂಖ್ಯೆ ಕೊಟ್ಟಿದ್ದರೆ, ಒಳಗೆ ಕಳ್ಳಬಾಗಿಲು ಇಟ್ಟಿದ್ದಾರೆ ಅಂತ ಜಗತ್ತೇ ಅನುಮಾನ ಪಡುತ್ತಿತ್ತು. ಎರಡರ ವರ್ಗಮೂಲವನ್ನು ತಮಗೆ ಬೇಕಾದ ಹಾಗೆ ತಿರುಚಲು ಗೂಢಚಾರರಿಗೂ ಆಗುವುದಿಲ್ಲ, ಅಲ್ವಾ? ನಂಬಿಕೆ ಇಲ್ಲದ ಕಡೆ ನಂಬಿಕೆ ಹುಟ್ಟಿಸುವ ಈ ಉಪಾಯ ನನಗೆ ಎಷ್ಟು ಸಲ ಓದಿದರೂ ಖುಷಿ ಕೊಡುತ್ತದೆ.

ತಿದ್ದಿದರೆ ಗೊತ್ತಾಗಬೇಕು ಅನ್ನುವ ಚಿಂತೆ ಹೊಸದೇನಲ್ಲ. ನಮ್ಮ ಗದಗ, ಲಕ್ಕುಂಡಿ, ಹಾವೇರಿ ಕಡೆ ಕಾಲಿಟ್ಟಲ್ಲಿ ಶಾಸನ. ಕೊನೆಯ ಸಾಲುಗಳಲ್ಲಿ ಶಾಪ: ಈ ದಾನವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ. ತಾಮ್ರಪಟಗಳಲ್ಲಿ ಶಾಪದ ಜೊತೆ ಒಂದು ಉಪಾಯವೂ ಇತ್ತು. ತಗಡುಗಳಿಗೆ ತೂತು ಕೊರೆದು, ಬಳೆಯಂಥ ಉಂಗುರ ಪೋಣಿಸಿ, ಅದರ ಎರಡು ತುದಿ ಸೇರುವ ಕಡೆ ರಾಜಮುದ್ರೆ ಕೂರಿಸುತ್ತಿದ್ದರು. ನಡುವೆ ಒಂದು ತಗಡು ಸೇರಿಸಬೇಕು ಅಂದರೆ ಉಂಗುರ ಕತ್ತರಿಸಬೇಕು, ಕತ್ತರಿಸಿದರೆ ಕಾಣುತ್ತದೆ.

ಶಾಪಕ್ಕೆ ಹೆದರಿ ಯಾರಾದರೂ ಸುಮ್ಮನಿದ್ದರಾ? ಖೋಟಾ ತಾಮ್ರಪಟಗಳು ರಾಶಿ ರಾಶಿ ಇವೆ. ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಓದಿದ ಜೆ.ಎಫ್. ಫ್ಲೀಟ್, ಗಂಗರ ಎಷ್ಟೋ ತಾಮ್ರಪಟಗಳು ನಕಲಿ ಅಂದುಬಿಟ್ಟರು. ಲಿಪಿ ಆ ಕಾಲದ್ದಲ್ಲ, ತಿಥಿ-ವಾರ ಲೆಕ್ಕಕ್ಕೆ ಕೂಡುವುದಿಲ್ಲ ಅನ್ನುವಂಥ ಕಾರಣಗಳು. ಮೈಸೂರಿನ ಬಿ.ಎಲ್. ರೈಸ್ ಒಪ್ಪಲಿಲ್ಲ, ದೊಡ್ಡ ವಾಗ್ವಾದವೇ ನಡೆಯಿತು. ಇಲ್ಲಿ ಒಂದು ಗಮನಿಸಿ: ನಕಲಿ ಪಟಕ್ಕೂ ಉಂಗುರ ಹಾಕಬಹುದು. ಉಂಗುರ ಗಟ್ಟಿಯಾಗಿದ್ದರೆ ಆಮೇಲೆ ಯಾರೂ ಕೈ ಹಾಕಿಲ್ಲ ಅಂತ ಗೊತ್ತಾಗುತ್ತದೆ, ಒಳಗೆ ಬರೆದದ್ದು ನಿಜವಾ ಅಂತ ಗೊತ್ತಾಗುವುದಿಲ್ಲ. ಹ್ಯಾಶ್‌ನದೂ ಇದೇ ಕಥೆ. ಎಐ ಬರೆದ ಸುಳ್ಳು ವಿಡಿಯೋಕ್ಕೂ ಚೆಂದದ ಹ್ಯಾಶ್ ಬರುತ್ತದೆ, ಪ್ರಮಾಣಪತ್ರದಲ್ಲಿ ಚೆಂದಾಗಿ ಕೂರುತ್ತದೆ. ಇಂಥ ದಿನ ಲೆಕ್ಕ ಹಾಕಿದ ಫೈಲೇ ಇದು, ಒಂದು ಬಿಟ್ ಕೂಡ ಬದಲಾಗಿಲ್ಲ ಅನ್ನುವುದಷ್ಟೇ ಅದರ ಸಾಕ್ಷಿ. ಹ್ಯಾಶ್ ಹೊಂದಿತು, ಆದ್ದರಿಂದ ವಿಡಿಯೋ ನಿಜ ಅನ್ನುವವರಿಗೂ ಶಾಸನದ ಶಾಪಕ್ಕೆ ಹೆದರುವವರಿಗೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ಕಾನೂನು ಇಲ್ಲಿಗೆ ಬಂದು ಮುಟ್ಟಿದ ದಾರಿ ಸೊಟ್ಟಂಬಟ್ಟ. 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದಾಗ ಹಳೇ ಸಾಕ್ಷ್ಯ ಕಾಯ್ದೆಗೆ 65ಬಿ ಕಲಮು ಸೇರಿತು, ಪ್ರಮಾಣಪತ್ರ ಬೇಕು ಅಂತ. 2005ರಲ್ಲಿ ಸಂಸತ್ ದಾಳಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದಿಲ್ಲದೆಯೂ ಫೋನ್ ಕರೆಗಳ ದಾಖಲೆ ಒಪ್ಪಿತು. 2014ರಲ್ಲಿ ಕೇರಳದ ಒಂದು ಚುನಾವಣಾ ತಕರಾರು ಬಂತು. ಪ್ರಚಾರದ ಹಾಡು, ಭಾಷಣಗಳನ್ನು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಸಿಡಿಗೆ ಇಳಿಸಿ ತಂದಿದ್ದರು. ಪ್ರಮಾಣಪತ್ರ ಇಲ್ಲ, ಸಿಡಿ ನಡೆಯಲ್ಲ ಅಂತ ಕೋರ್ಟ್ ಹೇಳಿತು. ಅನ್ವರ್ ಕೇಸು ಅಂತ ವಕೀಲರ ಬಾಯಲ್ಲಿ ಇವತ್ತಿಗೂ ಇರುವುದು ಅದೇ. 2018ರಲ್ಲಿ ಇನ್ನೊಂದು ಪೀಠ ಸ್ವಲ್ಪ ಸಡಿಲ ಮಾಡಿತು. 2020ರಲ್ಲಿ ಖೋಟ್ಕರ್ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳು ಮತ್ತೆ ಬಿಗಿ ಮಾಡಿದರು: ಮೂಲ ಸಾಧನವನ್ನೇ ತಂದು ತೋರಿಸಿ, ಇಲ್ಲವಾದರೆ ಪ್ರಮಾಣಪತ್ರ ಕಡ್ಡಾಯ. ಮಹಾರಾಷ್ಟ್ರದ ಜಾಲ್ನಾದಲ್ಲಿ ನಾಮಪತ್ರ ಮಧ್ಯಾಹ್ನ ಮೂರರ ಒಳಗೆ ಬಂತಾ ಇಲ್ಲವಾ ಅನ್ನುವ ಜಗಳ ಅದು. ಚುನಾವಣಾಧಿಕಾರಿ ಕಚೇರಿಯ ವಿಡಿಯೋ ಇತ್ತು, ಅಧಿಕಾರಿಗಳು ಪ್ರಮಾಣಪತ್ರ ಮಾತ್ರ ಕೊಡಲಿಲ್ಲ! ಇಷ್ಟೆಲ್ಲ ಹಗ್ಗಜಗ್ಗಾಟದಲ್ಲಿ ಆ 65ಬಿ ಎಲ್ಲೂ ಹ್ಯಾಶ್ ಕೇಳಿರಲಿಲ್ಲ. ಕೇಳಿದ್ದು ಸಹಿ. ಸಹಿ ಹಾಕಿದವರು ಒಳ್ಳೆಯವರು ಅಂತ ನಂಬಬೇಕಿತ್ತು. ಹೊಸ ಅಧಿನಿಯಮ ಮೊದಲ ಸಲ ಲೆಕ್ಕ ಕೇಳಿದೆ, ಅದಕ್ಕೆ ನನ್ನ ಪೂರ್ತಿ ಬೆಂಬಲ.

ಆದರೆ ಆ ಪ್ರಮಾಣಪತ್ರದ ನಮೂನೆಯಲ್ಲಿ ಯಾವ ಹ್ಯಾಶ್ ವಿಧಾನ ಬಳಸಿದಿರಿ ಅಂತ ಗುರುತು ಹಾಕಲು ನಾಲ್ಕು ಮನೆ ಇವೆ. ಶಾ-1, ಶಾ-256, ಎಂಡಿ5, ಮತ್ತು 'ಇತರೆ'. ಇಲ್ಲೇ ನನಗೆ ತಲೆ ಕೆಟ್ಟಿದ್ದು. ಎಂಡಿ5 ಅನ್ನು ರೊನಾಲ್ಡ್ ರಿವೆಸ್ಟ್ 1991ರಲ್ಲಿ ಮಾಡಿದರು. ಅದನ್ನು 2004ರಲ್ಲಿ ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ಒಡೆದರು, ಅಂದರೆ ಒಂದೇ ಹ್ಯಾಶ್ ಬರುವ ಎರಡು ಬೇರೆ ಬೇರೆ ದತ್ತಾಂಶ ತೋರಿಸಿದರು. ಈಗ ಅದೇ ಕೆಲಸ ಲ್ಯಾಪ್‌ಟಾಪಿನಲ್ಲಿ ಕೆಲವು ಸೆಕೆಂಡು. ಶಾ-1 ಕೂಡ 2017ರಲ್ಲಿ ಬಿತ್ತು. ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಒಂದೇ ಶಾ-1 ಇರುವ ಎರಡು ಬೇರೆ ಪಿಡಿಎಫ್ ಪ್ರಕಟಿಸಿದರು. 2023ರಲ್ಲಿ ಪಾಸಾದ ಕಾಯ್ದೆಯಲ್ಲಿ ಈ ಎರಡೂ ಇವೆ.

ಗಾಬರಿ ಬೇಡ, ಅಪಾಯ ಎಲ್ಲಿದೆ ಅಂತ ಸರಿಯಾಗಿ ನೋಡಬೇಕು. ಒಂದು ಕೋಣೆಯಲ್ಲಿ 23 ಜನ ಇದ್ದರೆ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಆದರೆ ನಿಮ್ಮದೇ ಹುಟ್ಟಿದ ದಿನದವರು ಒಬ್ಬರು ಸಿಗುವ ಸಾಧ್ಯತೆ ಅಷ್ಟಾಗಬೇಕಾದರೆ ಬೇರೆ 253 ಜನ ಬೇಕು. ಯಾವುದಾದರೂ ಎರಡು ಹೊಂದಿದರೆ ಸಾಕು ಅನ್ನುವುದು ಸುಲಭ, ಇದಕ್ಕೇ ಹೊಂದಬೇಕು ಅನ್ನುವುದು ಕಷ್ಟ. ಎಂಡಿ5 ಮುರಿದಿರುವುದು ಮೊದಲನೇ ಅರ್ಥದಲ್ಲಿ. ಪೊಲೀಸರು ಅಂಗಡಿಯ ಸಿಸಿಟಿವಿ ವಶಕ್ಕೆ ತೆಗೆದುಕೊಂಡು ಎಂಡಿ5 ಬರೆದಿಟ್ಟರೆ, ಆಮೇಲೆ ಯಾರೋ ಅದೇ ಹ್ಯಾಶ್ ಬರುವ ಹಾಗೆ ಬೇರೆ ವಿಡಿಯೋ ಹುಟ್ಟಿಸುವುದು ಇವತ್ತಿಗೂ ಆಗದ ಮಾತು. ಆದರೆ ಫೈಲು ತಯಾರಿಸಿದವರೇ ಮೋಸಗಾರರಾಗಿದ್ದರೆ? ಒಂದು ಕರಾರು ಪತ್ರದ ಎರಡು ಆವೃತ್ತಿಯನ್ನು ಮೊದಲೇ ಜೋಡಿ ಮಾಡಿಟ್ಟುಕೊಳ್ಳುತ್ತಾರೆ, ಒಂದರಲ್ಲಿ ಎರಡು ಲಕ್ಷ, ಇನ್ನೊಂದರಲ್ಲಿ ಇಪ್ಪತ್ತು ಲಕ್ಷ, ಹ್ಯಾಶ್ ಎರಡಕ್ಕೂ ಒಂದೇ. ಇವತ್ತು ನಿಮಗೆ ಎರಡು ಲಕ್ಷದ್ದು ತೋರಿಸಿ ಹ್ಯಾಶ್ ಬರೆಸುತ್ತಾರೆ, ನಾಳೆ ಕೋರ್ಟಿನಲ್ಲಿ ಇಪ್ಪತ್ತು ಲಕ್ಷದ್ದು ತೆಗೆಯುತ್ತಾರೆ. ಲೆಕ್ಕ ಹೊಂದುತ್ತದೆ! ಸಿವಿಲ್ ವ್ಯಾಜ್ಯಗಳಲ್ಲಿ ಸಾಕ್ಷ್ಯ ತರುವುದು ಹೆಚ್ಚಾಗಿ ಜಗಳದ ಪಾರ್ಟಿಗಳೇ ತಾನೇ?

ಇನ್ನೂ ಮಜಾ ಇದೆ. ಅದೇ 2000ದ ಐಟಿ ಕಾಯ್ದೆಯ 3ನೇ ಕಲಮಿನಲ್ಲಿ ಹ್ಯಾಶ್ ಅಂದರೆ ಏನು ಅಂತ ವಿವರಣೆ ಇದೆ, ಮತ್ತು ನಿಜಕ್ಕೂ ಚೆನ್ನಾಗಿದೆ. ಹ್ಯಾಶ್‌ನಿಂದ ಮೂಲ ದಾಖಲೆ ಕಟ್ಟಲು ಲೆಕ್ಕದಿಂದ ಸಾಧ್ಯವಾಗಬಾರದು, ಎರಡು ದಾಖಲೆಗಳಿಗೆ ಒಂದೇ ಹ್ಯಾಶ್ ಬರಿಸಲೂ ಸಾಧ್ಯವಾಗಬಾರದು. ಎರಡನೇ ಷರತ್ತಿಗೆ ಎಂಡಿ5 2004ರಲ್ಲೇ ಫೇಲಾಗಿದೆ. ಆ ವಿವರಣೆ ಡಿಜಿಟಲ್ ಸಹಿಯ ಸಂದರ್ಭಕ್ಕೆ ಬರೆದದ್ದು, ಸಾಕ್ಷ್ಯಕ್ಕೆ ನೇರವಾಗಿ ಅನ್ವಯಿಸುವುದಿಲ್ಲ ಅಂತ ವಕೀಲರು ಹೇಳಬಹುದು, ಹೇಳಲಿ. ಒಂದೇ ಸಂಸತ್ತಿನ ಒಂದು ಕಾಯ್ದೆಯ ಪ್ರಕಾರ ಹ್ಯಾಶ್ ಅನ್ನಿಸಿಕೊಳ್ಳದೇ ಇರುವುದು ಇನ್ನೊಂದು ಕಾಯ್ದೆಯಲ್ಲಿ ಹ್ಯಾಶ್ ಆಗಿ ಕೂತಿದೆ. ಕಾರಣ ಊಹಿಸಬಹುದು. ಫೊರೆನ್ಸಿಕ್ ತಂತ್ರಾಂಶಗಳು ವರ್ಷಾನುಗಟ್ಟಲೆ ಎಂಡಿ5, ಶಾ-1 ಕೊಡುತ್ತಾ ಬಂದಿವೆ, ಹಳೇ ವರದಿಗಳೆಲ್ಲ ಅದರಲ್ಲೇ ಇವೆ.

ಈಗ ವಾಟ್ಸಾಪ್ ವಿಷಯ. ನೀವು ತೆಗೆದ ವಿಡಿಯೋವನ್ನು ಮಾಮೂಲಿನಂತೆ ಕಳಿಸಿದರೆ ಆ್ಯಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ನೋಡಲು ಅದೇ ವಿಡಿಯೋ, ಬಿಟ್‌ಗಳು ಬೇರೆ, ಹ್ಯಾಶ್ ಪೂರ್ತಿ ಬೇರೆ. ವಕೀಲರಿಗೆ ವಾಟ್ಸಾಪ್ ಮಾಡಿ ಫೋನಿನಲ್ಲಿದ್ದದ್ದನ್ನು ಅಳಿಸಿ ಹಾಕುವವರು ಮೂಲವನ್ನೇ ಕಳೆದುಕೊಂಡ ಹಾಗೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಿಂಡುವುದಿಲ್ಲ, ಹ್ಯಾಶ್ ಹೊಂದುತ್ತದೆ. ಸ್ಕ್ರೀನ್‌ಶಾಟ್ ಅಂತೂ ಮೂಲ ಸಂದೇಶದ ಫೋಟೊ ಅಷ್ಟೇ, ಅದರ ಹ್ಯಾಶ್ ಆ ಫೋಟೊದ್ದು, ಸಂದೇಶದ್ದಲ್ಲ. ಮೂಲ ಫೋನು ಇಟ್ಟುಕೊಳ್ಳಿ, ಮಾರಬೇಡಿ. ಹ್ಯಾಶ್ ಆದಷ್ಟು ಬೇಗ ತೆಗೆಯಿರಿ, ಯಾಕೆಂದರೆ ತೆಗೆಯುವ ಮುಂಚೆ ಏನಾಯಿತು ಅಂತ ಹ್ಯಾಶ್‌ಗೆ ಗೊತ್ತಿರುವುದಿಲ್ಲ.

'ಬಿ' ಭಾಗ ತುಂಬುವ ತಜ್ಞ ಯಾರು? 63ನೇ ಕಲಮು ತಜ್ಞ ಅನ್ನುತ್ತದೆ, ಅವರ ಓದು ಎಷ್ಟಿರಬೇಕು ಅಂತ ಹೇಳುವುದಿಲ್ಲ. ರಾಣೆಬೆನ್ನೂರಿನ ಬಟ್ಟೆ ಅಂಗಡಿಯವರು ಕಳ್ಳತನದ ಕ್ಲಿಪ್ ಹಿಡಿದು ಯಾರ ಹತ್ತಿರ ಹೋಗಬೇಕು? ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ, ಹುಬ್ಬಳ್ಳಿ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ, 2016ರಿಂದ ಐಐಟಿ ಇದೆ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಕಾನೂನು, ಕಂಪ್ಯೂಟರು ಎರಡೂ ಇಷ್ಟು ಹತ್ತಿರ ಕೂತ ಊರು ರಾಜ್ಯದಲ್ಲಿ ಕಡಿಮೆ. ಇವರೆಲ್ಲ ಸೇರಿ ತಾಲ್ಲೂಕು ಕೋರ್ಟಿನ ವಕೀಲರಿಗೆ ಒಂದು ದಿನ ಹ್ಯಾಶ್ ತೆಗೆಯುವುದು ಹೇಳಿಕೊಟ್ಟರೂ ಅರ್ಧ ಕೆಲಸ ಆಗುತ್ತದೆ.

ಎಂಡಿ5 ತೆಗೆಯುವುದು ಮಾತ್ರ ಇಲ್ಲಿ ಯಾರ ಕೈಯಲ್ಲೂ ಇಲ್ಲ. ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಇದೆ, ಒಂದು ಸಾಲು ಹೊಡೆದು ಹಾಕಲು ಸಂಸತ್ತಿಗೆ ಹೋಗಬೇಕು. ಹಳೇ ಸಾಕ್ಷ್ಯ ಕಾಯ್ದೆ ಬಾಳಿದ್ದು ನೂರೈವತ್ತು ವರ್ಷಕ್ಕೂ ಜಾಸ್ತಿ, ಎಂಡಿ5 ಬಾಳಿದ್ದು 13. ಶಾ-256 ಇವತ್ತು ಗಟ್ಟಿಯಾಗಿದೆ, ನಾಳೆ ಅದಕ್ಕೂ ಯಾರೋ ಕೈ ಹಾಕುತ್ತಾರೆ. ಅದಕ್ಕೇ ನನಗೆ ಆ ನಾಲ್ಕನೇ ಮನೆ ಇಷ್ಟ, 'ಇತರೆ', ಪಕ್ಕದಲ್ಲಿ ಕಾನೂನು ಒಪ್ಪುವ ಮಾನದಂಡ ಇರಬೇಕು ಅನ್ನುವ ಷರತ್ತು. 2015ರಲ್ಲಿ ಬಂದ ಶಾ-3 ಇವತ್ತೇ ಅಲ್ಲಿ ಬರೆಯಬಹುದು ಅಂತ ನನ್ನ ವಾದ. ಒಪ್ಪುವ ಮಾನದಂಡ ಯಾವುದು ಅಂತ ನಮೂನೆ ಹೇಳದ ಕಾರಣ ಅದನ್ನು ಯಾವುದೋ ಒಂದು ಕೇಸಿನಲ್ಲಿ ಯಾರೋ ಒಬ್ಬ ನ್ಯಾಯಾಧೀಶರು ತೀರ್ಮಾನಿಸಬೇಕಾಗುತ್ತದೆ, ಅಲ್ಲಿಯ ತನಕ ಶಾ-256 ಮನೆಗೆ ಗುರುತು ಹಾಕಿ.