ವಿಮಾನ ಓರೆಯಾಗಿ ಇಳಿದು ಬರುತ್ತದಲ್ಲ, ರನ್‌ವೇಗೆ ನೇರವಾಗುವುದು ಯಾವಾಗ?

ಪ್ರಶ್ನೆ: ಗಲ್ಫಿನಿಂದ ಬರುವವರನ್ನು ಕರೆತರಲು ಮಂಜೇಶ್ವರದಿಂದ ಬಜಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುತ್ತಿರುತ್ತೇವೆ. ಮಳೆಗಾಲದಲ್ಲಿ ಇಳಿಯುವ ವಿಮಾನದ ಮೂತಿ ರನ್‌ವೇಯತ್ತ ಇರದೆ ಓರೆಯಾಗಿರುತ್ತದೆ. ಏಕೆ?

ಉತ್ತರ: ಆ ಓರೆ ಬೇಕೆಂದೇ ಇಟ್ಟದ್ದು. ಚಂದ್ರಗಿರಿ ಹೊಳೆ ತುಂಬಿದಾಗ ದೋಣಿಯವನು ಮೂತಿಯನ್ನು ಸೆಳವಿನ ಎದುರಿಗೆ ತುಸು ತಿರುಗಿಸಿ ಹುಟ್ಟು ಹಾಕುತ್ತಾನೆ. ದೋಣಿ ಓರೆಯಾಗಿಯೇ ಸಾಗಿ ಎದುರಿನ ಕಡವಿಗೆ ಸರಿಯಾಗಿ ಮುಟ್ಟುತ್ತದೆ. ವಿಮಾನಕ್ಕೆ ಗಾಳಿಯೇ ಸೆಳವು. ಪೈಲಟರು ಇದನ್ನು ಕ್ರ್ಯಾಬ್ ಎನ್ನುತ್ತಾರೆ, ಏಡಿ ನಡಿಗೆ.

ಬಜಪೆಯ 2450 ಮೀಟರ್ ರನ್‌ವೇಯ ಒಂದು ತುದಿಗೆ 24 ಎಂಬ ಸಂಖ್ಯೆ. ಅದಕ್ಕೊಂದು ಸೊನ್ನೆ ಸೇರಿಸಿದರೆ ಆ ಕಡೆಯಿಂದ ಇಳಿಯುವಾಗಿನ ದಿಕ್ಕು, ಸುಮಾರು 240 ಡಿಗ್ರಿ. ಗಾಳಿ ಪಡುವಣದಿಂದ, ಅಂದರೆ 270 ಡಿಗ್ರಿಯಿಂದ, 20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಬೀಸಿದರೆ ಅದರ ಅರ್ಧ, 10 ನಾಟ್, ಅಡ್ಡಗಾಳಿ. 140 ನಾಟ್ ವೇಗದ ವಿಮಾನ ಮೂತಿಯನ್ನು ಸುಮಾರು 4 ಡಿಗ್ರಿ ಬಲಕ್ಕೆ ಇಡಬೇಕು.

ರನ್‌ವೇಯ ನಡುಗೆರೆ ಎಲ್ಲಿದೆಯೆಂದು ಮೋಡದೊಳಗೂ ತಿಳಿಸುವುದು ಲೋಕಲೈಜರ್ ಎಂಬ ರೇಡಿಯೋ ಸಾಧನ. ರನ್‌ವೇಯ ಆಚೆ ತುದಿಯ ಆಂಟೆನಾ 90 ಮತ್ತು 150 ಹರ್ಟ್ಸ್‌ನ ಎರಡು ಸಂಕೇತ ಕಳಿಸುತ್ತದೆ. ಎರಡೂ ಸಮವಾಗಿ ಸಿಕ್ಕರೆ ವಿಮಾನ ನಡುಗೆರೆಯ ಮೇಲಿದೆ. ಇಳಿಜಾರು ತೋರಿಸಲು ಗ್ಲೈಡ್‌ಸ್ಲೋಪ್ ಎಂಬ ಇನ್ನೊಂದು ರೇಡಿಯೋ ಸಂಕೇತ, ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ರನ್‌ವೇ ಕಂಡ ಮೇಲೆ ಪಕ್ಕದಲ್ಲಿ ಇಳಿಜಾರು ಸರಿಯಿದೆಯೇ ಎಂದು ತೋರಿಸುವ ನಾಲ್ಕು PAPI ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಇರಬೇಕು. ನಾಲ್ಕೂ ಕೆಂಪಾದರೆ ತೀರಾ ತಗ್ಗು.

ನಿಜವಾದ ಕೈಚಳಕ ಕೊನೆಯ ಕೆಲವು ಸೆಕೆಂಡಿನದು. ನೆಲದಿಂದ 20-30 ಅಡಿ ಇರುವಾಗ ಬಾಲದ ಚುಕ್ಕಾಣಿಯಾದ ರಡರ್‌ನ ಪೆಡಲ್ ಒತ್ತಿ ಮೂತಿಯನ್ನು ನಡುಗೆರೆಗೆ ತರುತ್ತಾರೆ, ಜೊತೆಗೇ ಗಾಳಿ ಬರುವ ಕಡೆಯ ರೆಕ್ಕೆಯನ್ನು ಐಲರಾನ್‌ನಿಂದ (ರೆಕ್ಕೆಯ ಹಿಂದಂಚಿನ ಅಲುಗುವ ಪಟ್ಟಿ) ತುಸು ತಗ್ಗಿಸುತ್ತಾರೆ. ಪೆಡಲ್ ಬೇಗ ಒತ್ತಿದರೆ ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ. ತಡವಾದರೆ ಚಕ್ರಗಳು ಓರೆಯಾಗಿ ನೆಲಕ್ಕೆ ತಾಗಿ ಟಯರಿಗೂ ಲ್ಯಾಂಡಿಂಗ್ ಗೇರ್‌ಗೂ ಅಡ್ಡ ಹೊರೆ ಬೀಳುತ್ತದೆ. ಹೊಂದಿಕೆ ಕೂಡಿ ಬರದಿದ್ದರೆ ಮತ್ತೆ ಮೇಲೇರುವುದೇ ಸರಿ. ಸುತ್ತ ಕಣಿವೆಯಿರುವ ಬಜಪೆಯಂಥಲ್ಲಿ ಅದನ್ನು ಯಾರೂ ಪೈಲಟನ ಸೋಲೆಂದು ನೋಡಬಾರದು.

ಏರುವಾಗ ಕ್ರಮ ತಿರುಗುಮುರುಗು. ಮೊದಲು ದಿಕ್ಸೂಚಿ ರನ್‌ವೇ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಬೇಕು. 2006ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ 22ರ ಬದಲು ಗಿಡ್ಡ ರನ್‌ವೇ 26ರಿಂದ ಹೊರಟ ವಿಮಾನ ಬಿದ್ದು 49 ಜನ ಸತ್ತರು. ಓಟದಲ್ಲಿ ನಡುಗೆರೆ ಹಿಡಿಯಲು ಪೆಡಲ್, ರೆಕ್ಕೆ ಏಳದಂತೆ ಗಾಳಿಯ ಕಡೆಗೆ ಐಲರಾನ್. ಚಕ್ರ ನೆಲ ಬಿಟ್ಟೊಡನೆ ಮೂತಿ ಮತ್ತೆ ಗಾಳಿಯತ್ತ ತಿರುಗುತ್ತದೆ.