ಆ ವಿಷಯ ಎತ್ತೋದೇ ಇಲ್ಲ ಅಂದರೆ ಮರೆತಿದ್ದಾರೆ ಅಂತಲ್ಲ

"ಅಪ್ಪ ಅದನ್ನೆಲ್ಲ ಮರೆತುಬಿಟ್ಟಿದ್ದಾರೆ ಡಾಕ್ಟ್ರೇ, ಆ ವಿಷಯ ಎತ್ತೋದೇ ಇಲ್ಲ." ಮನೆಯವರು ಹೀಗೆ ಸಮಾಧಾನದಿಂದ ಹೇಳಿದಾಗಲೇ ನನಗೆ ಕಾಳಜಿ ಜಾಸ್ತಿಯಾಗುತ್ತದೆ. ಮಾನಸಿಕ ಆಘಾತದ ಲಕ್ಷಣಗಳಲ್ಲಿ ನಮ್ಮ ಕಣ್ಣಿಗೆ ತಪ್ಪಿಹೋಗುವುದು ಇದೇ, ನಡೆದದ್ದನ್ನು ನೆನಪಿಸುವ ಎಲ್ಲದರಿಂದಲೂ ದೂರ ಇರುವುದು.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದಿದ್ದು ನೆನಪಿದೆಯಲ್ಲವಾ? ಮಕ್ಕಂದೂರು, ಜೋಡುಪಾಲದ ಸುತ್ತಮುತ್ತ ಮನೆ, ತೋಟಗಳು ಮಣ್ಣುಪಾಲಾದವು. ಜೀವಗಳೂ ಹೋದವು. ಇಂಥದ್ದನ್ನು ಕಂಡವರಿಗೆ ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು, ಅಳು ಬರುವುದು ಸಹಜ. ತಲೆ ಮೇಲೊಂದು ಸೂರು, ಜೊತೆಗೆ ತಮ್ಮವರು ಇದ್ದರೆ ಹೆಚ್ಚಿನವರು ನಿಧಾನಕ್ಕೆ ಸುಧಾರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಕಡಿಮೆಯಾಗದೆ ಕೆಲಸ, ಸಂಸಾರಕ್ಕೆ ಅಡ್ಡ ಬಂದರೆ ತೋರಿಸಲೇಬೇಕು. ಕೆಲವರಲ್ಲಿ ತೊಂದರೆ ಪೂರ್ತಿ ಕಾಣಿಸಿಕೊಳ್ಳುವುದೇ ಆರು ತಿಂಗಳಾದ ಮೇಲೆ.

ಹೀಗೆ ದೂರ ಇರುವವರು ದುರಂತ ನಡೆದ ಕಡೆಯ ರಸ್ತೆಗೇ ಹೋಗುವುದಿಲ್ಲ. ಮಳೆ ಸುದ್ದಿ ಬಂದರೆ ಟಿವಿ ಆರಿಸುತ್ತಾರೆ. ಸತ್ತವರ ತಿಥಿಗೂ ಏನಾದರೂ ನೆಪ ಹೇಳುತ್ತಾರೆ. ನೋಡುವವರಿಗೆ ಇದು ಧೈರ್ಯದಂತೆ ಕಾಣುತ್ತದೆ. ಹೀಗೆ ದೂರ ಇದ್ದಾಗ ಆ ಹೊತ್ತಿಗೆ ಹಾಯೆನಿಸುವುದು ನಿಜ. ಆದರೆ ಅಪಾಯ ಮುಗಿದಿದೆ ಅಂತ ಮಿದುಳಿಗೆ ಕಲಿಯುವ ಅವಕಾಶವೇ ಸಿಗುವುದಿಲ್ಲ. ಹಾಗಾಗಿ ಭಯ ಇದ್ದಲ್ಲೇ ಉಳಿಯುತ್ತದೆ. ಜೋರು ಮಳೆಯ ರಾತ್ರಿ, ಹಸಿಮಣ್ಣಿನ ವಾಸನೆ, ಗುಡ್ಡ ಕಡಿಯುವ ಜೆಸಿಬಿ ಸದ್ದು, ಯಾವುದಾದರೂ ಸಾಕು, ಮತ್ತೆ ಅಲ್ಲೇ ನಿಂತಂತೆ ಆಗಿಬಿಡುತ್ತದೆ.

ಮನಸ್ಸಿನ ನೋವು ಎಷ್ಟೋ ಸಲ ಮೈನೋವಾಗಿ ಆಸ್ಪತ್ರೆಗೆ ಬರುತ್ತದೆ. ಎದೆ ಡವಡವ, ತಲೆನೋವು, 'ಗ್ಯಾಸ್ಟ್ರಿಕ್'. ಇಸಿಜಿ, ಸ್ಕ್ಯಾನ್ ಎಲ್ಲ ಸರಿ ಇರುತ್ತವೆ. ಹಾಗಂತ ಸುಮ್ನೆ ಹೇಳ್ತಿದ್ದಾರೆ ಅನ್ನಬೇಡಿ. ಆ ನೋವು ಸುಳ್ಳಲ್ಲ. ಚಿಕ್ಕ ಮಾತಿಗೂ ಸಿಡುಕುವುದು, ಮೊಮ್ಮಕ್ಕಳು ಹತ್ತಿರ ಬಂದರೂ ಏನೂ ಅನಿಸದಿರುವುದು, ನಿದ್ದೆಗೆಂದು ಕುಡಿತ ಹಿಡಿಯುವುದು, 'ನಾನೊಬ್ಬನೇ ಯಾಕೆ ಉಳಿದೆ' ಅಂತ ಕೊರಗುವುದು, ಇವೂ ಇದರ ಲಕ್ಷಣಗಳೇ. ಮಕ್ಕಳು ಬಾಯಲ್ಲಿ ಹೇಳದಿರಬಹುದು. ಮನೆ ಕಟ್ಟಿ ಮಣ್ಣು ಮುಚ್ಚುವ ಆಟವನ್ನೇ ಮತ್ತೆ ಮತ್ತೆ ಆಡುತ್ತಾರೆ. ಹಾಸಿಗೆ ಒದ್ದೆ ಮಾಡುವ ಅಭ್ಯಾಸ ನಿಂತುಹೋಗಿದ್ದರೂ ಮತ್ತೆ ಶುರುವಾಗಬಹುದು. ದಯವಿಟ್ಟು ಬೈಯಬೇಡಿ.

ಹಾಗಂತ ಕೂರಿಸಿಕೊಂಡು "ಅವತ್ತು ಏನಾಯ್ತು, ಹೇಳು" ಅಂತ ಕೆದಕಲೂಬಾರದು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ನೋವು ಹೆಚ್ಚುತ್ತದೆ. ಅವರಾಗಿ ಮಾತು ತೆಗೆದಾಗ ಮಧ್ಯೆ ಬಾಯಿ ಹಾಕದೆ ಕೇಳಿ. ನೆನಪನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಚಿಕಿತ್ಸೆ ಇದೆ, ಅದನ್ನು ತರಬೇತಿ ಪಡೆದವರೇ ಮಾಡಬೇಕು. ಕೆಲವರಿಗೆ ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಲಿನ್‌ನಂಥ ಮಾತ್ರೆಯೂ ಬೇಕಾಗುತ್ತದೆ. ಬರೀ ನಿದ್ದೆ ಮಾತ್ರೆ ಕೊಟ್ಟು ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಭಯ ಹಾಗೇ ಇರುತ್ತದೆ, ಮಾತ್ರೆಯ ಚಟವೂ ಅಂಟಿಕೊಳ್ಳಬಹುದು.

ಎಲ್ಲಿಗೆ ಹೋಗುವುದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. "ನಾನೂ ಅವತ್ತೇ ಹೋಗಿದ್ದರೆ ಚೆನ್ನಾಗಿತ್ತು" ಅನ್ನುವ ಮಾತು ಬಂದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.