ಪದ ಪರಿಚಯ: ಮೆಟಾಡೇಟಾ ಜೊತೆಗೆ ಫುಲ್ ಟೆಕ್ಸ್ಟ್ ಸರ್ಚ್

ನಿಮಗೆ ಬೇಕಾಗಿರುವುದು 2019ರ ಒಂದು ಒಪ್ಪಂದ. ಅದರೊಳಗೆ ಎಲ್ಲೋ ‘ದಂಡ’ ಎಂಬ ಮಾತು ಬರುತ್ತದೆ ಎಂದು ನೆನಪು. ಸರ್ಚ್ ಬಾಕ್ಸಿನಲ್ಲಿ ‘2019 ಒಪ್ಪಂದ ದಂಡ’ ಎಂದು ಟೈಪ್ ಮಾಡುತ್ತೀರಿ. ಮೊದಲು ಬರುವುದು 2023ರ ಯಾವುದೋ ವರದಿ. ಯಾಕೆಂದರೆ ಹಳೆಯ ಒಪ್ಪಂದದ ವಿಷಯ, ಅದರ ವರ್ಷದ ಸಮೇತ, ಆ ವರದಿಯಲ್ಲಿ ಹತ್ತು ಸಲ ಬಂದಿದೆ. ಅಸಲಿ ಒಪ್ಪಂದ ಎಲ್ಲೋ ಕೆಳಗೆ ಕೂತಿದೆ.

ಇಲ್ಲಿ ಆಗಿದ್ದು ಇಷ್ಟೇ: ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಬಾಕ್ಸಿಗೆ ತುರುಕಿದ್ದೇವೆ.

‘ಯಾವ ವರ್ಷದ್ದು, ಯಾವ ಬಗೆಯದ್ದು, ಯಾರು ಬರೆದದ್ದು’ ಎಂಬುದು ಮೆಟಾಡೇಟಾ. ಅಂದರೆ ದಾಖಲೆಯ ಬಗೆಗಿನ ಮಾಹಿತಿ. 1995ರಲ್ಲಿ ಶುರುವಾದ ಡಬ್ಲಿನ್ ಕೋರ್ ಎಂಬ ಪದ್ಧತಿಯ ಮುಖ್ಯ ಪಟ್ಟಿಯಲ್ಲಿ ಇಂಥ 15 ಅಂಶಗಳಿವೆ. (ಈ ಡಬ್ಲಿನ್ ಅಮೆರಿಕದ ಒಹಾಯೊದಲ್ಲಿರುವ ಊರು, ಐರ್ಲೆಂಡಿನದ್ದಲ್ಲ.) ‘ಒಳಗೆ ಏನು ಬರೆದಿದೆ’ ಎಂದು ಹುಡುಕುವುದು ಫುಲ್ ಟೆಕ್ಸ್ಟ್ ಸರ್ಚ್.

ಇವೆರಡೂ ಉತ್ತರ ಕೊಡುವ ರೀತಿಯೇ ಬೇರೆ. ಮೆಟಾಡೇಟಾ ಹೌದು ಅಥವಾ ಇಲ್ಲ ಎನ್ನುತ್ತದೆ. ದಾಖಲೆ 2019ರದ್ದು, ಇಲ್ಲವೇ ಅಲ್ಲ. ‘ಸ್ವಲ್ಪ 2019’ ಅಂತ ಇರಲ್ಲ ಅಲ್ವಾ? ಫುಲ್ ಟೆಕ್ಸ್ಟ್ ಸರ್ಚ್ ಮಾತ್ರ ‘ಎಷ್ಟು ಹೊಂದುತ್ತದೆ’ ಎಂದು ಅಂಕ ಹಾಕುತ್ತದೆ. ಪದ ಎಷ್ಟು ಸಲ ಬಂದಿದೆ, ಉಳಿದ ದಾಖಲೆಗಳಲ್ಲಿ ಅದು ಎಷ್ಟು ಅಪರೂಪ, ದಾಖಲೆ ಎಷ್ಟು ಉದ್ದ ಎಂದೆಲ್ಲ ನೋಡಿ ಸಾಲಾಗಿ ನಿಲ್ಲಿಸುತ್ತದೆ.

ಎರಡನ್ನೂ ಸೇರಿಸುವುದು ಹೇಗೆ? ಸರ್ಚ್ ಎಂಜಿನ್ ಮೊದಲೇ ಪ್ರತಿ ಪದದ ಮುಂದೆ ಅದು ಯಾವ ಯಾವ ದಾಖಲೆಯಲ್ಲಿದೆ ಎಂದು ಬರೆದಿಟ್ಟಿರುತ್ತದೆ. ಪುಸ್ತಕದ ಕೊನೆಯ ಪದಸೂಚಿಯ ಹಾಗೆ. ‘ದಂಡ’ದ ಮುಂದೆ ದಾಖಲೆ ಸಂಖ್ಯೆ 4, 9, 17, 23, 40 ಎಂದಿದೆ ಅಂದುಕೊಳ್ಳಿ. 2019ರ ಒಪ್ಪಂದಗಳ ಪಟ್ಟಿಯಲ್ಲಿ 9, 12, 23, 31 ಇವೆ. ಎರಡರಲ್ಲೂ ಇರುವುದು 9 ಮತ್ತು 23. ಅಂಕ ಹಾಕಬೇಕಾದದ್ದು ಈ ಎರಡಕ್ಕೇ. ಎಲಾಸ್ಟಿಕ್‌ಸರ್ಚ್ ಎಂಬ ಸರ್ಚ್ ಎಂಜಿನ್ನಿನಲ್ಲಿ ಇದಕ್ಕೆಂದೇ ‘ಫಿಲ್ಟರ್’ ಎಂಬ ಜಾಗವಿದೆ. ಅಲ್ಲಿ ಹಾಕಿದ ಷರತ್ತು ಅಂಕಕ್ಕೆ ಕೈ ಹಾಕುವುದಿಲ್ಲ. ದಾಖಲೆ ಭಂಡಾರಗಳಿಗಾಗಿ 2010ರಲ್ಲಿ ಬಂದ ಸಿಎಂಐಎಸ್ ಎಂಬ ಮಾನಕದಲ್ಲೂ ಇದೇ ದಾರಿ: ತಾರೀಖು, ಬಗೆ ಇವುಗಳ ಷರತ್ತಿನ ಪಕ್ಕದಲ್ಲೇ ‘ಕಂಟೇನ್ಸ್’ ಎಂದು ಬರೆದು ಒಳಗಿನ ಪದ ಕೇಳಬಹುದು.

ಜಾಸ್ತಿ ಜನ ಎಡವುವುದು ಕ್ರಮದಲ್ಲಿ. ಕೆಲವು ಕಡೆ ಮೆಟಾಡೇಟಾ ಡೇಟಾಬೇಸಿನಲ್ಲಿರುತ್ತದೆ, ಪಠ್ಯದ ಪದಸೂಚಿ (ಇಂಡೆಕ್ಸ್) ಇನ್ನೊಂದು ಕಡೆ. ಆಗ ಪಠ್ಯದಲ್ಲಿ ಹುಡುಕಿ, ಮೇಲಿನ 100 ಫಲಿತಾಂಶ ತಂದು, ಆಮೇಲೆ ವರ್ಷ ನೋಡಿ ಸೋಸುತ್ತಾರೆ. ಆ ನೂರರಲ್ಲಿ 2019ರವು ಮೂರೇ ಇದ್ದರೆ ಮೂರೇ ಕಾಣುತ್ತವೆ. 101ನೆಯದರಿಂದ ಆಚೆ ಇನ್ನೂ ನಲವತ್ತು ಇದ್ದರೂ ಗೊತ್ತಾಗುವುದೇ ಇಲ್ಲ. ಏನೂ ಸಿಗದಿದ್ದರೆ ಅನುಮಾನವಾದರೂ ಬರುತ್ತಿತ್ತು; ಮೂರು ಸಿಕ್ಕಾಗ ಅಷ್ಟೇ ಇರಬೇಕು ಎಂದು ನಂಬಿ ಸುಮ್ನೆ ಎದ್ದು ಹೋಗುತ್ತೇವೆ. ನನಗೆ ಇದೇ ಎಲ್ಲಕ್ಕಿಂತ ಕೆಟ್ಟ ತಪ್ಪು ಅನ್ನಿಸುತ್ತದೆ.

ಕನ್ನಡದ ದಾಖಲೆಗಳಿಗೆ ಇನ್ನೊಂದು ತೊಡಕು. ‘ಒಪ್ಪಂದ’ ಎಂದು ಹುಡುಕಿದರೆ ‘ಒಪ್ಪಂದದಲ್ಲಿ’, ‘ಒಪ್ಪಂದಕ್ಕೆ’ ಎಂದಿರುವುದು ಸಿಗದೇ ಹೋಗಬಹುದು. ಪ್ರತ್ಯಯ ಬಿಡಿಸುವ ಏರ್ಪಾಡು ಇಲ್ಲದಿದ್ದರೆ ಯಂತ್ರಕ್ಕೆ ಅವು ಮೂರು ಬೇರೆ ಪದಗಳು. ಸ್ಕ್ಯಾನ್ ಮಾಡಿ ಹಾಗೇ ಇಟ್ಟ ಪುಟಗಳಲ್ಲಂತೂ ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರ ಓದಿ ಪಠ್ಯವಾಗಿಸುವುದು) ಆಗುವವರೆಗೆ ಹುಡುಕಲು ಪಠ್ಯವೇ ಇಲ್ಲ. ಇಂಥ ಕಡೆ ‘ಬಗೆ: ಒಪ್ಪಂದ’ ಎಂಬ ಒಂದು ಮೆಟಾಡೇಟಾ ಕೈ ಹಿಡಿಯುತ್ತದೆ.

ಆದರೆ ಅದನ್ನು ಯಾರಾದರೂ ಸರಿಯಾಗಿ ತುಂಬಿರಬೇಕಲ್ಲ! ಸಹಿ ಬಿದ್ದ ದಿನ 2019, ಅಪ್‌ಲೋಡ್ ಆದದ್ದು 2021, ಫಿಲ್ಟರ್ ನೋಡುತ್ತಿರುವುದು ಅಪ್‌ಲೋಡ್ ದಿನವನ್ನು. ಇದ್ದ ಒಪ್ಪಂದವೂ ಮಾಯ. ಹಾಗಾಗಿ ಏನೂ ಸಿಗದಾಗ ಪದ ಬದಲಿಸುವ ಮೊದಲು ಫಿಲ್ಟರ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ, ತಾರೀಖಿನಿಂದಲೇ ಶುರು ಮಾಡಿ.